ಕಾಲ್ಚೆಂಡಿನ ಹಂಗಾಮು

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹಂಗಾಮು ಎಂದರೆ ಬೇಸಾಯದ ಮಾತು. ಮುಂಗಾರು ಹಂಗಾಮು, ಹಿಂಗಾರು ಹಂಗಾಮು. ಬೀಜ, ಗೊಬ್ಬರ, ಸಾಲ, ಮಳೆ ಎಲ್ಲವೂ ಆ ಒಂದು ಮಾತಿನೊಳಗೆ ಅಡಗಿವೆ. ಈಚಿನ ವರ್ಷಗಳಲ್ಲಿ ನಮ್ಮ ಹುಡುಗರ ಬಾಯಿಗೆ ಇನ್ನೊಂದು ಹಂಗಾಮು ಬಂದಿದೆ. ಅದು ಆಗಸ್ಟ್‌ನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುತ್ತದೆ. ಇಪ್ಪತ್ತು ತಂಡಗಳು, ಪ್ರತಿ ತಂಡಕ್ಕೆ 38 ಪಂದ್ಯಗಳು, ಅರ್ಧ ತನ್ನ ಊರಿನಲ್ಲಿ, ಅರ್ಧ ಎದುರಾಳಿಯ ಊರಿನಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್. ಸಂತೆಯಲ್ಲಿ ಸಿಗುವ ಅಗ್ಗದ ಜೆರ್ಸಿಯ ಬೆನ್ನ ಮೇಲೆ ಸಲಾ ಎಂಬ ಹೆಸರು, ಚಹಾದಂಗಡಿಯ ಮುಂದೆ ಮೊಬೈಲಿನಲ್ಲಿ ಅಂಕಪಟ್ಟಿ. ಯಾವ ತಂಡ ಎಷ್ಟನೆಯ ಸ್ಥಾನದಲ್ಲಿದೆ ಎಂದು ಕೇಳಿದರೆ ತಡವರಿಸದೆ ಹೇಳುತ್ತಾರೆ.

ಇದನ್ನು ಕಂಡು ಹಲುಬುವ ಹಿರಿಯರಿದ್ದಾರೆ. ಊರಲ್ಲಿ ಕುಸ್ತಿಯಿಲ್ಲವೇ, ಕಬಡ್ಡಿಯಿಲ್ಲವೇ, ಬಿಳಿಯರ ಆಟ ನಮಗೇಕೆ ಎನ್ನುತ್ತಾರೆ. ನಮ್ಮ ತಕರಾರು ಅದಲ್ಲ. ಈಜಿಪ್ಟಿನ ಹಳ್ಳಿಯಿಂದ ಬಂದ ಮುಹಮ್ಮದ್ ಸಲಾ 2017-18ರಲ್ಲಿ ಒಂದೇ ಹಂಗಾಮಿನಲ್ಲಿ 32 ಗೋಲು ಹೊಡೆದ ಮೇಲೆ ಅದನ್ನು ಬಿಳಿಯರ ಆಟ ಎನ್ನುವುದೇ ತಪ್ಪು. ನಮ್ಮ ತಕರಾರಿರುವುದು ಈ ಆಟವನ್ನು ಕನ್ನಡದಲ್ಲಿ ಹೇಳುವ ರೀತಿಯ ಬಗ್ಗೆ. ನಮ್ಮ ಕ್ರೀಡಾ ಪುಟಗಳಲ್ಲಿ ಇಂಗ್ಲಿಷ್ ಫುಟ್ಬಾಲ್ ಎಂದರೆ ತಾರೆಯರು, ಅವರ ಬೆಲೆ, ಯಾವ ಶೇಖ್ ಅಥವಾ ಯಾವ ಅಮೆರಿಕನ್ ಸಾಹುಕಾರ ಯಾವ ತಂಡ ಕೊಂಡ ಎಂಬ ವಾರ್ತೆ. ವರ್ಷದ ಕೊನೆಗೆ ಗೆದ್ದವರ ಚಿತ್ರ. ಇಷ್ಟನ್ನು ಓದಿದ ಹುಡುಗನಿಗೆ ಆಟದ ಎಲ್ಲವೂ ಸಿಗುತ್ತದೆ, ಹಂಗಾಮು ಎಂದರೇನು ಎಂಬುದೊಂದನ್ನು ಬಿಟ್ಟು. ನಮ್ಮ ಊರುಗಳಿಗೆ ನಿಜವಾಗಿ ಬೇಕಾದದ್ದು ಅದೊಂದೇ.

ಮೊದಲ ಹಂಗಾಮಿನ ಕಥೆ ಕೇಳಬೇಕು. 1888ಕ್ಕೂ ಮುಂಚೆ ಇಂಗ್ಲೆಂಡಿನಲ್ಲಿ ಇದ್ದದ್ದು ಕಪ್ ಪಂದ್ಯಗಳು ಮತ್ತು ಸ್ನೇಹಪಂದ್ಯಗಳು. ಕಪ್ಪಿನಲ್ಲಿ ಸೋತ ತಂಡ ಅಂದೇ ಮನೆಗೆ. ಸ್ನೇಹಪಂದ್ಯಗಳಿಗಂತೂ ಭರವಸೆಯೇ ಇರಲಿಲ್ಲ. ಬರುತ್ತೇವೆಂದ ತಂಡ ಕೊನೆಯ ಗಳಿಗೆಯಲ್ಲಿ ಕೈಕೊಡುತ್ತಿತ್ತು, ಟಿಕೆಟ್ಟಿಗೆ ಬಂದ ಜನ ಬೈಯುತ್ತ ಮರಳುತ್ತಿದ್ದರು. 1885ರಿಂದ ಆಟಗಾರರಿಗೆ ಕೂಲಿ ಕೊಡುವುದು ಕಾನೂನುಬದ್ಧವಾಗಿತ್ತು. ಕೂಲಿ ಕೊಡಬೇಕೆಂದರೆ ಪಂದ್ಯ ನಡೆಯಬೇಕಲ್ಲ! ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ವಿಲಿಯಂ ಮ್ಯಾಕ್‌ಗ್ರೆಗರ್ ಎಂಬಾತ, ಆಸ್ಟನ್ ವಿಲ್ಲಾ ತಂಡದ ಆಡಳಿತದಲ್ಲಿದ್ದವನು, 1888ರ ಮಾರ್ಚ್‌ನಲ್ಲಿ ಕೆಲವು ತಂಡಗಳಿಗೆ ಕಾಗದ ಬರೆದ. ಹತ್ತು ಹನ್ನೆರಡು ತಂಡಗಳು ಕೂಡಿ, ಒಬ್ಬರ ಊರಿಗೆ ಒಬ್ಬರು ಹೋಗಿ ಬಂದು ಆಡುವ ಕಟ್ಟು ಮಾಡಿಕೊಳ್ಳೋಣ ಎಂಬುದು ಅದರ ತಿರುಳು. ಆ ವರ್ಷದ ಸೆಪ್ಟೆಂಬರ್ 8ರಂದು ಹನ್ನೆರಡು ತಂಡಗಳ ಫುಟ್ಬಾಲ್ ಲೀಗ್ ಶುರುವಾಯಿತು. ಗೆಲುವಿಗೆ ಎರಡು ಅಂಕ, ಸಮಕ್ಕೆ ಒಂದು ಎಂಬ ನಿಯಮ ಗೊತ್ತಾದದ್ದು ನವೆಂಬರ್‌ನಲ್ಲಿ, ಆಟ ಆರಂಭವಾಗಿ ಎರಡು ತಿಂಗಳು ಕಳೆದ ಮೇಲೆ. ಎಲ್ಲ ಸಿದ್ಧವಾದ ಮೇಲೆಯೇ ಕೆಲಸ ಶುರುಮಾಡಬೇಕೆಂದು ಕೂರುವ ನಮ್ಮ ಊರಿನ ಸಮಿತಿಗಳು ಇದನ್ನು ಗಮನಿಸಲಿ.

ಪ್ರೆಸ್ಟನ್ ನಾರ್ತ್ ಎಂಡ್ ಆ ಮೊದಲ ಹಂಗಾಮಿನ 22 ಪಂದ್ಯಗಳಲ್ಲಿ 18 ಗೆದ್ದು, 4 ಸಮ ಮಾಡಿಕೊಂಡು, ಒಂದನ್ನೂ ಸೋಲದೆ ಮುಗಿಸಿತು. ಇತಿಹಾಸ ಬರೆಯುವವರೆಲ್ಲ ಇದನ್ನೇ ಬರೆಯುತ್ತಾರೆ. ನಮ್ಮ ಗಮನ ಹೋಗುವುದು ಪಟ್ಟಿಯ ತಳಕ್ಕೆ. ಕೊನೆಯಲ್ಲಿದ್ದ ಸ್ಟೋಕ್ ತಂಡ 22ರಲ್ಲಿ 14 ಪಂದ್ಯ ಸೋತಿತ್ತು. ಕಪ್ ಪಂದ್ಯವಾಗಿದ್ದರೆ ಮೊದಲ ವಾರವೇ ಅದರ ಕಥೆ ಮುಗಿಯುತ್ತಿತ್ತು. ಇಲ್ಲಿ ಅದು ಹದಿನಾಲ್ಕು ಸಲ ಸೋತು ಹದಿನಾಲ್ಕು ಸಲವೂ ಮತ್ತೆ ಮೈದಾನಕ್ಕೆ ಬಂತು. ತಳದ ನಾಲ್ಕು ತಂಡಗಳು ಮುಂದಿನ ವರ್ಷಕ್ಕೆ ಹೊಸದಾಗಿ ಅರ್ಜಿ ಹಾಕಬೇಕಿತ್ತು, ಹಾಕಿದವು, ನಾಲ್ಕನ್ನೂ ಉಳಿಸಿಕೊಂಡರು. ಲೀಗ್ ಎಂಬ ಏರ್ಪಾಡಿನ ಹೊಸತನ ಇಲ್ಲಿದೆ: ಸೋತವರಿಗೆ ಮುಂದಿನ ಶನಿವಾರ ಇದೆ.

ಶನಿವಾರ ಎಂದದ್ದು ಸುಮ್ಮನೆ ಅಲ್ಲ. ಆ ಹನ್ನೆರಡು ತಂಡಗಳಲ್ಲಿ ಆರು ಲ್ಯಾಂಕಶೈರ್ ಸೀಮೆಯವು. ಬ್ಲ್ಯಾಕ್‌ಬರ್ನ್, ಬರ್ನ್ಲಿ, ಪ್ರೆಸ್ಟನ್, ಬೋಲ್ಟನ್, ಅಕ್ರಿಂಗ್ಟನ್, ಜೊತೆಗೆ ಲಿವರ್‌ಪೂಲ್ ನಗರದ ಎವರ್ಟನ್. ಎವರ್ಟನ್ ಬಿಟ್ಟರೆ ಉಳಿದವೆಲ್ಲ ಹತ್ತಿ ಗಿರಣಿಯ ಊರುಗಳು. 1850ರ ಕಾರ್ಖಾನೆ ಕಾಯ್ದೆಯಿಂದ ಬಟ್ಟೆ ಗಿರಣಿಗಳು ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ಲಬೇಕಾಯಿತು. ಎರಡಕ್ಕೆ ಗಿರಣಿ ಬಿಟ್ಟರೆ ಮೂರಕ್ಕೆ ಮೈದಾನ. ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆ ಫುಟ್ಬಾಲಿನ ಹೊತ್ತಾದದ್ದು ಹೀಗೆ. ಅರ್ಧ ದಿನದ ಬಿಡುವಿಗಾಗಿ ಹೋರಾಡಿದ ಕೂಲಿಕಾರರಿಂದ ಇಂದಿನ ಕೋಟ್ಯಂತರ ಪೌಂಡುಗಳ ಹಂಗಾಮು ಹುಟ್ಟಿತೆಂಬ ಸಂಗತಿ ನಮ್ಮ ಕ್ರೀಡಾ ಪುಟದಲ್ಲಿ ಕಾಣುವುದೇ ಇಲ್ಲ.

ಆ ಗಿರಣಿಗಳಿಗೂ ನಮ್ಮ ಕರಿಮಣ್ಣಿಗೂ ನೆಂಟಸ್ತಿಕೆಯುಂಟು. ಹಾನಗಲ್ಲ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಶಿಗ್ಗಾಂವ ಬಂಕಾಪುರ ತಾಲೂಕಿನಲ್ಲಿ, ಹಿರೇಕೆರೂರು ಕೋಡ ತಾಲೂಕಿನಲ್ಲಿ, ಸವಣೂರು ನವಾಬರ ಆಳ್ವಿಕೆಯಲ್ಲಿ ಇದ್ದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಶೈರಿನ ಗಿರಣಿಗಳು ಮುಚ್ಚಿ ನೇಕಾರರು ಉಪವಾಸ ಬಿದ್ದರು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಈ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ನಿಂತಿತು. ನಮ್ಮ ಹತ್ತಿಯಿಂದಲೇ ಅವರ ಕಾಲ್ಚೆಂಡು ಹುಟ್ಟಿತೆಂದು ಎದೆ ತಟ್ಟಿಕೊಳ್ಳುವ ಇರಾದೆ ನಮಗಿಲ್ಲ. ಹಿಂದೂಸ್ತಾನದ ಹತ್ತಿಯನ್ನೆಲ್ಲ ಅವರು ಸೂರತ್ ಎಂದು ಕರೆಯುತ್ತಿದ್ದರು, ಎಳೆ ಗಿಡ್ಡ, ಮಗ್ಗದಲ್ಲಿ ಹರಿಯುತ್ತದೆ ಎಂದು ಶಪಿಸುತ್ತಿದ್ದರು. ಯುದ್ಧ ಮುಗಿದೊಡನೆ ಅಮೆರಿಕದ ಕಡೆಗೇ ತಿರುಗಿದರು. ಆದರೂ ಬ್ಲ್ಯಾಕ್‌ಬರ್ನ್ ಎಂಬ ಹೆಸರು ಟಿವಿ ಬರುವುದಕ್ಕೆ ನೂರು ವರ್ಷ ಮೊದಲೇ ನಮ್ಮ ರೈತನ ಹೊಲದ ಲೆಕ್ಕಕ್ಕೆ ಸಂಬಂಧಪಟ್ಟದ್ದಾಗಿತ್ತು ಎನ್ನುವುದು ಸಣ್ಣ ಮಾತಲ್ಲ.

ಅದೇ ಬ್ಲ್ಯಾಕ್‌ಬರ್ನಿನ ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಬ್ಲ್ಯಾಕ್‌ಬರ್ನ್ ರೋವರ್ಸ್ 1875ರಲ್ಲಿ ಹುಟ್ಟಿದ ತಂಡ. ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೂ ತಂಡ ಉಳಿಯಿತು. ಅದೇ ಊರಿನಲ್ಲಿ ಉಕ್ಕಿನ ವ್ಯಾಪಾರದಿಂದ ಶ್ರೀಮಂತನಾದ ಜ್ಯಾಕ್ ವಾಕರ್ ಹಣ ಸುರಿದದ್ದರಿಂದ 1994-95ರಲ್ಲಿ ಪ್ರೀಮಿಯರ್ ಲೀಗನ್ನೇ ಗೆದ್ದಿತು. 2010ರ ನವೆಂಬರ್‌ನಲ್ಲಿ ಅದನ್ನು ಕೊಂಡವರು ಯಾರು? ಪುಣೆಯ ಕೋಳಿ ಉದ್ಯಮದ ವೆಂಕಿಸ್ ಸಂಸ್ಥೆಯವರು. ಒಂದು ಕಾಲಕ್ಕೆ ಈ ದೇಶದ ಹತ್ತಿ ಕೊಂಡ ಊರಿನ ತಂಡವನ್ನು ಈ ದೇಶದ ಕೋಳಿ ಹಣ ಕೊಂಡಿತು. ನಮ್ಮ ಜಿಲ್ಲೆಯ ರೈತ ಕೂಡ ಈ ನಡುವೆ ಹತ್ತಿ ಬಿಟ್ಟು ಗೋವಿನಜೋಳಕ್ಕೆ ಹೊರಳಿದ್ದಾನೆ, ಗೋವಿನಜೋಳದ ದೊಡ್ಡ ಗಿರಾಕಿ ಕೋಳಿ ಆಹಾರದ ಉದ್ಯಮ. ಜಗತ್ತು ಉರುಳುವ ಬಗೆ ನೋಡಿ!

ಆಗ ನಮ್ಮ ಪತ್ರಿಕೆಗಳು ಭಾರತೀಯರ ಸಾಧನೆ ಎಂದು ಬೀಗಿದವು. ಆಮೇಲೆ ಆದದ್ದನ್ನು ಬರೆಯಲು ಅದೇ ಹುರುಪು ಕಾಣಲಿಲ್ಲ. ಕೊಂಡ ಒಂದು ತಿಂಗಳೊಳಗೆ ಅನುಭವಿ ವ್ಯವಸ್ಥಾಪಕ ಸ್ಯಾಮ್ ಅಲಾರ್ಡೈಸ್ ಅವರನ್ನು ತೆಗೆದರು. ಆಟಗಾರರನ್ನು ಕೂರಿಸಿ ಕೋಳಿಕಾಲು ತಿನ್ನುವ ಜಾಹೀರಾತು ಮಾಡಿಸಿದರು. 2011-12ರ ಹಂಗಾಮಿನುದ್ದಕ್ಕೂ ಊರಿನವರು ಪ್ರತಿಭಟಿಸಿದರು. 2012ರ ಮೇ 7ರಂದು ವಿಗನ್ ವಿರುದ್ಧ ತಮ್ಮದೇ ಮೈದಾನದಲ್ಲಿ ಸೋತು ಕೆಳದರ್ಜೆಗೆ ಇಳಿದ ರಾತ್ರಿ, ತಂಡದ ಬಾವುಟ ಸುತ್ತಿದ ಒಂದು ಕೋಳಿಯನ್ನು ಯಾರೋ ಮೈದಾನಕ್ಕೆ ಬಿಟ್ಟರು. ಮಾಲಿಕರಿಗೆ ತಲುಪಬೇಕಾದ ವಿಮರ್ಶೆ ಅದೇ ಆಗಿತ್ತು, ಅದಕ್ಕಿಂತ ಚೆನ್ನಾಗಿ ನಾವೂ ಬರೆಯಲಾರೆವು. ಅಂದಿನಿಂದ ಬ್ಲ್ಯಾಕ್‌ಬರ್ನ್ ಮೇಲ್ದರ್ಜೆಗೆ ಮರಳಿಲ್ಲ. ಗಮನಿಸಬೇಕಾದದ್ದು ಜನರ ಸಿಟ್ಟನ್ನು. ತಂಡವನ್ನು ಕೊಂಡವರು ಬೇರೆ, ಹಂಗಾಮು ತಮ್ಮದು ಎಂಬ ಅಧಿಕಾರದಿಂದ ಅವರು ಸಿಟ್ಟಾದರು. ಅಂಥ ಅಧಿಕಾರ ನೋಡುವವನಿಗೆ ಟಿವಿಯಿಂದ ಸಿಗದು. ಮ್ಯಾಂಚೆಸ್ಟರ್ ಸೋತರೆ ಹಾನಗಲ್ಲದ ಹುಡುಗ ಬೇಸರಪಡಬಹುದು, ಯಾರನ್ನು ಕೇಳುತ್ತಾನೆ?

ಇನ್ನು ಕರ್ನಾಟಕಕ್ಕೆ ಬರೋಣ. ಬ್ಲ್ಯಾಕ್‌ಬರ್ನ್‌ನಿಂದ ಬೆಂಗಳೂರಿಗೆ ದಾರಿ ನೇರವಾಗಿಯೇ ಇದೆ. ಅಲ್ಲಿ 2013ರ ಆರಂಭದಲ್ಲಿ ಸಹಾಯಕ ತರಬೇತುದಾರನಾಗಿದ್ದ ಆಶ್ಲಿ ವೆಸ್ಟ್‌ವುಡ್, ತನ್ನ ಹಿರಿಯ ಕೆಲಸ ಕಳೆದುಕೊಂಡಾಗ ತಾನೂ ಹೊರಬಿದ್ದು, ಅದೇ ವರ್ಷ ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡದ ಮುಖ್ಯ ತರಬೇತುದಾರನಾಗಿ ಬಂದರು. ತಂಡದ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರದು. ಇಲ್ಲಿಯೂ ಉಕ್ಕಿನ ಹಣವೇ! ಕೆಳಗಿನ ದರ್ಜೆಯಲ್ಲಿ ಆಡದೆ ನೇರವಾಗಿ ದೇಶದ ಮೇಲ್ದರ್ಜೆಯಾಗಿದ್ದ ಐ-ಲೀಗಿಗೆ ಪ್ರವೇಶ ಪಡೆದ ತಂಡ, ಮೊದಲ ಹಂಗಾಮಿನಲ್ಲೇ, 2014ರ ಏಪ್ರಿಲ್ 21ರಂದು ಮಡಗಾಂವಿನಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು.

ಆ 2013-14 ಒಳ್ಳೆಯ ಹಂಗಾಮು ಎನ್ನಲು ನಮಗೆ ಹಿಂಜರಿಕೆಯಿಲ್ಲ. ಮೋಹನ್ ಬಾಗಾನ್ ವಿರುದ್ಧ 1-1ರ ಸಮದಿಂದ ಆರಂಭ. 24 ಪಂದ್ಯಗಳಲ್ಲಿ ಐದು ಸೋತರೂ ಕುಗ್ಗಲಿಲ್ಲ. ನಾಯಕ ಸುನಿಲ್ ಛೆಟ್ರಿ 14 ಗೋಲು ಹೊಡೆದರು. ಊಟ, ನಿದ್ದೆ, ಓಟ ಎಲ್ಲಕ್ಕೂ ಲೆಕ್ಕ ಇಡುವ ಇಂಗ್ಲಿಷ್ ಶಿಸ್ತನ್ನು ವೆಸ್ಟ್‌ವುಡ್ ತಂದರು. ಅಶೋಕನಗರದ ಹಳೆಯ ಫುಟ್ಬಾಲ್ ಮೈದಾನಕ್ಕೆ ಹೊಸ ಹುಡುಗರು ಬಂದು ನಿಂತೇ ಹಾಡಿದರು. ಇಷ್ಟು ಒಪ್ಪಿಕೊಂಡು ಎರಡು ಆಕ್ಷೇಪ ಹೇಳಬೇಕು.

ಮೊದಲನೆಯದು, ಕರ್ನಾಟಕದ ಫುಟ್ಬಾಲ್ ಅಂದೇ ಹುಟ್ಟಿತೆಂಬಂತೆ ಬರೆದದ್ದು. ಮುಂಬಯಿಯ ರೋವರ್ಸ್ ಕಪ್ (ಬ್ಲ್ಯಾಕ್‌ಬರ್ನಿಗೂ ಇದಕ್ಕೂ ಸಂಬಂಧವಿಲ್ಲ) 1891ರಲ್ಲಿ ಆರಂಭವಾದಾಗಿನಿಂದ 1936ರವರೆಗೆ ಬ್ರಿಟಿಷ್ ಸೈನ್ಯದ ಪಡೆಗಳ ಪಾಲಾಗಿತ್ತು. 1937ರಲ್ಲಿ ಅದನ್ನು ಮೊದಲ ಬಾರಿ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅದು ಸೋಲಿಸಿದ್ದು ಕಲಕತ್ತೆಯ ಲೀಗನ್ನು 1934ರಿಂದ ಸತತವಾಗಿ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಬ್ರಿಟಿಷ್ ಪಡೆಯನ್ನು ಸೋಲಿಸಿ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ ಭಾರತ ತಂಡ ಫ್ರಾನ್ಸಿಗೆ 2-1ರಿಂದ ಸೋತಾಗ ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಅಹಮದ್ ಖಾನ್ ಬೆಂಗಳೂರಿನವರು, ಈಸ್ಟ್ ಬೆಂಗಾಲಿನ ಪಂಚಪಾಂಡವರಲ್ಲಿ ಒಬ್ಬರೆಂದು ಹೆಸರಾದವರು, 2017ರಲ್ಲಿ ತೀರಿಕೊಂಡರು. ಇವರ ಬಗ್ಗೆ ಕನ್ನಡದಲ್ಲಿ ಓದಲು ಹೊರಟ ಹುಡುಗನಿಗೆ ಸಿಗುವುದು ಬಹಳ ಕಡಿಮೆ. ದಂಡು ಪ್ರದೇಶದ ತಮಿಳರು, ಮುಸ್ಲಿಮರು, ಆಂಗ್ಲೋ ಇಂಡಿಯನ್ನರು ಆಡಿದ ಆಟವೆಂದೋ ಏನೋ, ನಮ್ಮ ಸಾಹಿತ್ಯ ಅದನ್ನು ನಾಡಿನ ಕಥೆಯಾಗಿ ಎಣಿಸಲಿಲ್ಲ. ಬೆಂಗಳೂರು ಎಫ್‌ಸಿ ಮೇಲೇರಿದ 2013-14ರಲ್ಲೇ ಮಹಮ್ಮಡನ್ ಸ್ಪೋರ್ಟಿಂಗ್ ಪಟ್ಟಿಯ ತಳ ಸೇರಿ ಕೆಳಗಿಳಿಯಿತು. 1937ರ ಆ ಫೈನಲ್ ನೆನಪಿದ್ದ ಬರಹಗಾರನಿಗೆ ಅದೊಂದೇ ಸಾಕಿತ್ತು ಲೇಖನ ಬರೆಯಲು.

ಎರಡನೆಯ ಆಕ್ಷೇಪ ದೂರದ್ದು. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಸಂತೋಷವೇ. ಆದರೆ ಕರ್ನಾಟಕ ಎಂಬ ಹೆಸರಿನಲ್ಲಿ ನಮ್ಮ ನಾಲ್ಕು ತಾಲೂಕುಗಳ ಪಾಲೆಷ್ಟು? ಬರ್ನ್ಲಿ ಪಟ್ಟಣದಲ್ಲಿ ಲಕ್ಷ ಜನರೂ ಇಲ್ಲ. ನಮ್ಮ ನಾಲ್ಕು ಪಟ್ಟಣಗಳನ್ನು ಕೂಡಿಸಿದರೆ ಅದಕ್ಕಿಂತ ಕಡಿಮೆಯಾಗದು. ಆ ಬರ್ನ್ಲಿ 1959-60ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಗಿತ್ತು, 2009ರಲ್ಲಿ ಪ್ರೀಮಿಯರ್ ಲೀಗಿಗೆ ಬಂದ ಮೊದಲ ತವರು ಪಂದ್ಯದಲ್ಲೇ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಸೋಲಿಸಿತು. ಸಣ್ಣ ಊರೆಂಬ ನೆಪ ನಡೆಯುವುದಿಲ್ಲ.

ನಮ್ಮಲ್ಲಿ ಆಟವೇ ಇಲ್ಲವೆಂದಲ್ಲ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲಿನ ಕ್ರಿಕೆಟ್ ಪಂದ್ಯಾವಳಿಗಳು ಎಷ್ಟು ಬೇಕಾದಷ್ಟಿವೆ. ಅವುಗಳ ಸ್ವರೂಪ ನೋಡಿ. ಶಾಮಿಯಾನ, ಧ್ವನಿವರ್ಧಕ, ಪ್ರಥಮ ಬಹುಮಾನ ಇಷ್ಟು ಸಾವಿರ ಎಂಬ ಫ್ಲೆಕ್ಸ್, ಅದರಲ್ಲಿ ಆಟಗಾರರಿಗಿಂತ ದೊಡ್ಡದಾಗಿ ದಾನಿಗಳ ಮುಖ. ಉದ್ಘಾಟನಾ ಭಾಷಣ ಮುಗಿಯುವ ಹೊತ್ತಿಗೆ ರಾತ್ರಿ ಹತ್ತಾಗಿರುತ್ತದೆ. ಪ್ರವೇಶ ಶುಲ್ಕ ಕೊಟ್ಟು, ಟೆಂಪೊ ಮಾಡಿಕೊಂಡು ಬಂದ ತಂಡ ಅರ್ಧ ತಾಸಿನಲ್ಲಿ ಸೋತರೆ ಆ ವರ್ಷದ ಆಟ ಮುಗಿಯಿತು. ಬಂದವರಲ್ಲಿ ಅರ್ಧದಷ್ಟು ತಂಡಗಳು ಒಂದೇ ಪಂದ್ಯಕ್ಕೆ ಹೊರಡುತ್ತವೆ, ಗೆಲ್ಲುವ ಒಂದು ತಂಡ ಬಿಟ್ಟು ಎಲ್ಲರಿಗೂ ಕೊನೆಯ ನೆನಪು ಸೋಲಿನದೇ. ಜಗಳ ಹೆಚ್ಚುವುದೂ ಇದರಿಂದಲೇ ಎಂದು ನಮ್ಮ ಅನಿಸಿಕೆ. ಮತ್ತೆ ಸಿಗದ ಎದುರಾಳಿಯೊಡನೆ, ಮತ್ತೆ ಬಾರದ ಅವಕಾಶಕ್ಕಾಗಿ ಆಡುವಾಗ ಅಂಪೈರಿನ ಒಂದು ತಪ್ಪು ಸಹಿಸಲಾಗದ ಅನ್ಯಾಯವಾಗುತ್ತದೆ. ಓಣಿ ಓಣಿಯ, ಜಾತಿ ಜಾತಿಯ ಹಳೆ ಲೆಕ್ಕಗಳೂ ಅಲ್ಲೇ ಎದ್ದು ಕೂರುತ್ತವೆ. ಮೂರು ವಾರ ಬಿಟ್ಟು ಅದೇ ತಂಡ ನಮ್ಮ ಊರಿಗೆ ಬರಲಿದೆ, ನಾವು ಅವರಿಗೆ ನೀರು ಕೊಡಬೇಕು, ಚಹಾ ಕುಡಿಸಬೇಕು ಎಂದಿದ್ದರೆ ಬಾಯಿ ಸ್ವಲ್ಪ ಹಿಡಿತದಲ್ಲಿರುತ್ತದೆ.

2007-08ರಲ್ಲಿ ಡರ್ಬಿ ಕೌಂಟಿ ಎಂಬ ತಂಡ ಪ್ರೀಮಿಯರ್ ಲೀಗಿನ 38 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿತು, ಬಂದ ಅಂಕ ಹನ್ನೊಂದು. ಮಾರ್ಚ್ ಮುಗಿಯುವ ಮೊದಲೇ ಕೆಳಗಿಳಿಯುವುದು ಖಾತ್ರಿಯಾಗಿತ್ತು. ಆ ವರ್ಷ ಅದರ ಮೈದಾನಕ್ಕೆ ಪ್ರತಿ ಪಂದ್ಯಕ್ಕೆ ಸರಾಸರಿ 30 ಸಾವಿರಕ್ಕೂ ಹೆಚ್ಚು ಜನ ಬಂದರು. ಇದನ್ನು ಹುಚ್ಚು ಎನ್ನಬಹುದು. ನಮಗೆ ಮಾತ್ರ ಅದು ಬಿತ್ತನೆ ಕೈಕೊಟ್ಟ ವರ್ಷವೂ ಹೊಲಕ್ಕೆ ಹೋಗುವ ರೈತನ ನಡೆಯಂತೆ ಕಾಣುತ್ತದೆ. ಚಾಂಪಿಯನ್ನರ ಬಗ್ಗೆ ನೂರು ಲೇಖನ ಬಂದರೆ ಇಂಥ ಹಂಗಾಮಿನ ಬಗ್ಗೆ ಒಂದಾದರೂ ಕನ್ನಡದಲ್ಲಿ ಬರಬೇಕಿತ್ತು.

ಒಂಬತ್ತು ತಿಂಗಳ ಆಟ ಊರಿನ ಬದುಕಿನೊಡನೆ ಹೊಂದಿಕೊಳ್ಳದೆ ನಡೆಯದು. 2021ರ ಏಪ್ರಿಲ್‌ನಲ್ಲಿ ಲೆಸ್ಟರ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ನಡುವಿನ ಪಂದ್ಯ ಸೂರ್ಯಾಸ್ತದ ಹೊತ್ತಿಗೆ ಅರೆಕ್ಷಣ ನಿಂತಿತು. ಎರಡೂ ತಂಡಗಳು ಮೊದಲೇ ಮಾತಾಡಿಕೊಂಡಿದ್ದವು. ಪ್ಯಾಲೆಸ್ಸಿನ ಗೋಲ್‌ಕೀಪರ್ ಚೆಂಡನ್ನು ಒದೆಯದೆ ತಡೆದ, ಲೆಸ್ಟರಿನ ವೆಸ್ಲಿ ಫೊಫಾನ ಅಂಚಿಗೆ ಬಂದು ರೋಜಾ ಬಿಟ್ಟ. 2022ರ ಈದುಲ್ ಫಿತ್ರ್‌ನ ನಮಾಜು ಬ್ಲ್ಯಾಕ್‌ಬರ್ನಿನ ಇವುಡ್ ಪಾರ್ಕ್ ಮೈದಾನದ ಹುಲ್ಲಿನ ಮೇಲೆ ನಡೆಯಿತು. ಗಿರಣಿಯ ಕೆಲಸಕ್ಕೆ ಗುಜರಾತಿನಿಂದ, ಪಾಕಿಸ್ತಾನದಿಂದ ಹೋದವರ ಮೊಮ್ಮಕ್ಕಳು ಆ ಊರಿನಲ್ಲಿದ್ದಾರೆ. 2021ರ ಜನಗಣತಿಯಂತೆ ಆ ಆಡಳಿತ ಪ್ರದೇಶದ ಮೂವರಲ್ಲಿ ಒಬ್ಬರು ಮುಸ್ಲಿಮರು. ಅಷ್ಟೂ ವರ್ಷ ಮೈದಾನದ ಹೊರಗೇ ಉಳಿದವರೆಂಬ ದೂರು ಇದ್ದವರಿಗೆ ಆ ದಿನ ಗೇಟು ತೆರೆಯಿತು. ತಾರೆಯರ ಬೆಲೆಗಿಂತ ಇಂಥದ್ದು ದೊಡ್ಡ ಸುದ್ದಿ ಎಂದು ನಾವು ತಿಳಿಯುತ್ತೇವೆ.

ಹಾಗಾದರೆ ನಮ್ಮ ಸೀಮೆಯ ಹಂಗಾಮು ಹೇಗಿದ್ದೀತು? ಮಳೆಗಾಲದಲ್ಲಿ ಆಗದು, ಮೈದಾನವೆಲ್ಲ ಕರಿಮಣ್ಣಿನ ಕೆಸರು, ಹುಡುಗರೆಲ್ಲ ಹೊಲದಲ್ಲಿ. ಗೋವಿನಜೋಳ ಒಕ್ಕಣೆ ಮುಗಿದ ಮೇಲೆ, ಪರೀಕ್ಷೆಗಳಿಗೆ ಮುಂಚೆ ಎರಡು ತಿಂಗಳಿನ ಅವಧಿ ಸಿಗುತ್ತದೆ. ಆ ವರ್ಷ ರಮಜಾನ್ ನಡುವೆ ಬಂದರೆ ಆಟವನ್ನು ಬೆಳಗಿಗೆ ಸರಿಸಬಹುದು, ಊರ ಜಾತ್ರೆ ಬಂದರೆ ವಾರ ಮುಂದೆ ಹಾಕಬಹುದು. ದಿನ ಯಾವುದು ಎಂಬ ಪ್ರಶ್ನೆಯೇ ಇಲ್ಲ. ನಮ್ಮ ಶಾಲೆಗಳಿಗೆ ಶನಿವಾರ ಬೆಳಗಿನ ಪಾಳಿ, ಮಧ್ಯಾಹ್ನ ಬಿಡುವು. ಬ್ಲ್ಯಾಕ್‌ಬರ್ನಿನ ನೇಕಾರರು ಕಾಯ್ದೆ ಮಾಡಿಸಿಕೊಂಡು ಪಡೆದದ್ದು ನಮ್ಮ ಮಕ್ಕಳಿಗೆ ವೇಳಾಪಟ್ಟಿಯಲ್ಲೇ ಇದೆ. ನಾಲ್ಕೂ ಊರುಗಳು ಒಂದಕ್ಕೊಂದು ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ. ನಾಲ್ಕು ತಂಡಗಳು ತಮ್ಮಲ್ಲಿ ಹೋಗಿ ಬಂದು ಆಡಿದರೆ ಹನ್ನೆರಡು ಪಂದ್ಯ. ಶನಿವಾರಕ್ಕೆ ಎರಡರಂತೆ ಆರು ಶನಿವಾರ. ಪ್ರತಿ ಊರಿಗೆ ತನ್ನ ಮೈದಾನದಲ್ಲಿ ಮೂರು ಪಂದ್ಯ. ಬೇಕಾದದ್ದು ಒಂದು ಚೆಂಡು, ಎಂಟು ಬಿದಿರಿನ ಗಳ, ಸುಣ್ಣ, ಸೀಟಿ ಊದಲು ನಾಲ್ವರು ದೈಹಿಕ ಶಿಕ್ಷಕರು, ಬಸ್ ಚಾರ್ಜು. ಒಂದು ರಾತ್ರಿಯ ಶಾಮಿಯಾನ ಮತ್ತು ಫ್ಲೆಕ್ಸಿಗೆ ತಗಲುವ ಹಣಕ್ಕಿಂತ ಇದು ಹೆಚ್ಚಾಗಲಾರದು. ಅಂಕಪಟ್ಟಿಯನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಆಯಿತು, ನಾಲ್ಕನೆಯ ಸ್ಥಾನದಲ್ಲಿ ಯಾವ ಊರಿನ ಹೆಸರಿದ್ದರೂ.